ಅಂದದ ಕಲ್ಪನೆ ಹೇಗೆ ಬದಲಾಯಿತು ಅಂತ ದಾವಣಗೆರೆಯ ಮಕ್ಕಳಿಗೆ ಏನು ತೋರಿಸಿ ಕಲಿಸಬಹುದು?

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ‘ಕಾಲಕಾಲಕ್ಕೆ ಕಲೆ ಮತ್ತು ಅಂದದ ಕಲ್ಪನೆ ಹೇಗೆ ಬದಲಾಯಿತು’ ಅಂತ ಪ್ರಾಜೆಕ್ಟ್ ಕೊಟ್ಟಿದ್ದೀರಿ. ಎಲ್ಲರೂ ಮೊನಾಲಿಸಾ, ಗ್ರೀಕ್ ಶಿಲ್ಪ ಅಂತ ನೆಟ್‌ನಿಂದ ಪ್ರಿಂಟ್ ತೆಗೆಸಿ ಚಾರ್ಟಿಗೆ ಅಂಟಿಸಿಕೊಂಡು ಬಂದರು, ನಮ್ಮ ಸುತ್ತಮುತ್ತ ಕಣ್ಣಾರೆ ತೋರಿಸುವಂಥದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಬೇಕಾದಷ್ಟಿದೆ. ನಾನು ದಾವಣಗೆರೆಯಲ್ಲೇ ಡ್ರಾಯಿಂಗ್ ಮೇಷ್ಟ್ರು. ನನ್ನ ಕ್ಲಾಸಿನಲ್ಲಿ ಮಾಡಿಸುವುದನ್ನೇ ಹೇಳುತ್ತೇನೆ.

ಮೊದಲು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ‘ಆಗಿನವರಿಗೆ ಯಾವುದು ಚಂದ’ ಅಂತ ಕೇಳಿದರೆ, ಆಗಿನ ಜನ ನೋಡೋಕೂ ಹಾಗೇ ಇದ್ದರು ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಗುಡಿಯ ಶಿಲ್ಪದ ಸಣ್ಣ ನಡು ನೋಡಿ ‘ಹಿಂದಿನ ಕಾಲದ ಹೆಂಗಸರು ಹೀಗಿದ್ದರು’ ಅಂತ ಬರೆದುಬಿಡುತ್ತಾರೆ. ಇದನ್ನು ಮಾಡಿಸಿದ್ದು ಯಾರು? ಕಲ್ಲು ಯಾವುದು? ಎಲ್ಲಿ ನಿಲ್ಲಿಸೋಕೆ ಮಾಡಿದ್ದು? ಈ ಮೂರನ್ನು ಪ್ರತಿ ಸಲವೂ ಕೇಳಿಸಿ. ಇವಕ್ಕೆ ಉತ್ತರ ಹುಡುಕುತ್ತಾ ಹೋದರೆ ಅಂದ ಯಾಕೆ ಬದಲಾಯಿತು ಅನ್ನೋದು ತಾನಾಗಿ ಗೊತ್ತಾಗುತ್ತಾ ಬರುತ್ತದೆ.

ಶುರು ಮಾಡೋಕೆ ಎಲ್ಲಿಗೂ ಹೋಗಬೇಕಿಲ್ಲ. ಮನೆಯ ದೇವರ ಜಗುಲಿಯಲ್ಲಿರುವ ಲಕ್ಷ್ಮಿ ಫೋಟೋವನ್ನು ಚೆನ್ನಾಗಿ ನೋಡಿಕೊಂಡು ಬನ್ನಿ ಅಂತ ಹೇಳಿ. ನೆರಿಗೆ ಹಿಡಿದ ಸೀರೆ, ಕುಪ್ಪಸ, ದುಂಡು ಮುಖ, ಒಂದು ಕಡೆಯಿಂದ ಬೆಳಕು ಬಿದ್ದ ಹಾಗೆ ನೆರಳು. ಲಕ್ಷ್ಮಿ ಅಂದರೆ ಹೀಗೇ ಇರೋದು ಅಂತ ಎಲ್ಲರೂ ನಂಬಿರುತ್ತಾರೆ. ಆದರೆ ಈ ರೂಪ ಮನೆಮನೆಗೆ ಬಂದು ಇನ್ನೂ ನೂರೈವತ್ತು ವರ್ಷವೂ ಆಗಿಲ್ಲ. ರಾಜಾ ರವಿವರ್ಮ (1848–1906) ಯುರೋಪಿನ ಎಣ್ಣೆಬಣ್ಣದ ರೀತಿ ಕಲಿತು ದೇವರನ್ನು ರಕ್ತಮಾಂಸದ ಮನುಷ್ಯರ ಹಾಗೆ ಬರೆದರು. 1894ರಲ್ಲಿ ಮುಂಬೈಯಲ್ಲಿ ಆ ಚಿತ್ರಗಳನ್ನು ಅಚ್ಚು ಹಾಕೋಕೆ ಪ್ರೆಸ್ ಹಾಕಿದರು. ಅರಮನೆಯ ಗೋಡೆಯಲ್ಲಿ ಇರಬೇಕಾದ ಚಿತ್ರ ಕಡಿಮೆ ದುಡ್ಡಿಗೆ ಬಡವರ ಮನೆಗೂ ಬಂತು, ಗುಡಿಯ ಒಳಗೆ ಸೇರಿಸದೆ ಹೊರಗೆ ನಿಲ್ಲಿಸಿದ್ದವರ ಮನೆಗೂ ಬಂತು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ವಿಷಯ, ಮಕ್ಕಳಿಗೆ ತಪ್ಪದೆ ಹೇಳಿ.

ಆ ಫೋಟೋದ ಪಕ್ಕದಲ್ಲಿ ಗಜಲಕ್ಷ್ಮಿ ಇಡಿ. ನಮ್ಮ ಭಾಗದ ಚಾಲುಕ್ಯರ ಕಾಲದ ಗುಡಿಗಳಲ್ಲಿ ಬಾಗಿಲ ಮೇಲೆ ನಡುವೆ ಗಜಲಕ್ಷ್ಮಿ ಇರುವುದು ಸಾಮಾನ್ಯ. ಕಾಲು ಮಡಚಿ ಕೂತಿರುತ್ತಾಳೆ, ಎರಡೂ ಕಡೆ ಆನೆ ನೀರೆರೆಯುತ್ತಿರುತ್ತವೆ. ಕುಪ್ಪಸ ಇಲ್ಲ, ಮೈತುಂಬ ಒಡವೆ. ಅದೇ ದೇವತೆ, ಅದೇ ಭಕ್ತಿ, ನೋಟ ಮಾತ್ರ ಪೂರ್ತಿ ಬೇರೆ. ಬಟ್ಟೆಯ ವಿಷಯ ಬಂದಾಗ ಮಕ್ಕಳು ನಗುತ್ತಾರೆ. ಗದರಬೇಡಿ. ಆಗ ಮಾನ ಮರ್ಯಾದೆಯ ಲೆಕ್ಕ ಬೇರೆ ಇತ್ತು, ಒಡವೆಯೇ ಉಡುಗೆಯಷ್ಟು ಮುಖ್ಯವಾಗಿತ್ತು ಅಂತ ನೇರವಾಗಿ ಹೇಳಿ. ನಗು ನಿಂತು ಪ್ರಶ್ನೆ ಶುರುವಾಗುತ್ತವೆ.

ಆಮೇಲೆ ಹರಿಹರಕ್ಕೆ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಹತ್ತಿರದ ದಾರಿ. ಹೊಯ್ಸಳ ಅರಸ ಎರಡನೇ ವೀರ ನರಸಿಂಹನ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ. ಮೂರ್ತಿಯ ಬಲಗಡೆ ಶಿವ, ಎಡಗಡೆ ವಿಷ್ಣು. ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ. ವೈರಾಗಿಯ ಅಂದ ಒಂದು, ಅರಸನ ಅಂದ ಇನ್ನೊಂದು. ಎರಡನ್ನೂ ಒಂದೇ ಮೈಯಲ್ಲಿ, ಒಂದೇ ಕಲ್ಲಿನಲ್ಲಿ ಜೋಡಿಸೋದು ಆ ಶಿಲ್ಪಿಗೆ ಎಷ್ಟು ಕಷ್ಟ ಇತ್ತು ಯೋಚಿಸಿ. ಅಂದದ ಆದರ್ಶ ಒಂದು ಕಾಲಕ್ಕೆ ಒಂದೇ ಇರುತ್ತದೆ ಅನ್ನುವ ತಪ್ಪು ಕಲ್ಪನೆ ಆ ಮೂರ್ತಿಯ ಮುಂದೆ ಐದು ನಿಮಿಷ ನಿಂತರೆ ಹೋಗುತ್ತದೆ.

ಅಲ್ಲೇ ಮಂಟಪದ ಕಂಬಗಳನ್ನು ತೋರಿಸಿ. ಲೇತಿನಲ್ಲಿ ಕಡೆದ ಹಾಗೆ ನುಣುಪಾದ ಉಂಗುರ ಉಂಗುರ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಹೊಯ್ಸಳರ ಶಿಲ್ಪದಲ್ಲಿ ಅಷ್ಟು ಸಣ್ಣ ಸಣ್ಣ ಸರ, ಗೆಜ್ಜೆ, ಕೂದಲ ಎಳೆ ಬಿಡಿಸೋಕೆ ಆಯಿತು. ಇನ್ನೊಂದು ಸಲ ಚಿತ್ರದುರ್ಗದ ಕೋಟೆಗೆ ಹೋದಾಗ ಬಾಗಿಲ ಹತ್ತಿರದ ಹಾವಿನ ಕೆತ್ತನೆ ತೋರಿಸಿ. ಅದು ಗಟ್ಟಿ ಕಲ್ಲು, ಉಳಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ದಪ್ಪ ಗೆರೆ, ಸರಳ ರೂಪ. ನನಗೆ ಅದೂ ಅಷ್ಟೇ ಚಂದ. ಹೊಯ್ಸಳರದ್ದೇ ಹೆಚ್ಚು, ಇದು ಕಡಿಮೆ ಅಂತ ಮಕ್ಕಳ ತಲೆಗೆ ತುಂಬಬೇಡಿ.

ಮದನಿಕೆಯರನ್ನು, ಅಂದರೆ ಗುಡಿಯ ಕಂಬಗಳ ಮೇಲೆ ನಿಲ್ಲಿಸಿದ ಚೆಲುವೆಯರ ಶಿಲ್ಪಗಳನ್ನು, ನೋಡೋಕೆ ಎಲ್ಲರೂ ಬೇಲೂರಿಗೆ ಹೋಗುತ್ತಾರೆ. ಹೂವಿನಹಡಗಲಿ ಕಡೆಯ ಕುರುವತ್ತಿ ನಮಗೆ ಹತ್ತಿರ. ಅಲ್ಲಿನ ಮಲ್ಲಿಕಾರ್ಜುನ ಗುಡಿ ಬಾಗಿಲಿನ ಕಂಬಗಳ ಮೇಲಿರುವ ಹೆಣ್ಣಿನ ಶಿಲ್ಪಗಳು ಬೇಲೂರಿಗಿಂತ ಹಿಂದಿನವು, ಚಾಲುಕ್ಯರ ಕಾಲದವು. ಬೇಲೂರಿನಲ್ಲಿ ಕೆಲಸ ಮಾಡಿ ಹೆಸರು ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಬಳ್ಳಿಗಾವೆ ಶಿಕಾರಿಪುರ ಕಡೆಯದು. ಅಂದರೆ ನಮ್ಮ ಸೀಮೆಯ ಕೈಗಳೇ ಅಲ್ಲಿಗೆ ಹೋಗಿದ್ದು ಅಲ್ವಾ! ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ಈಗ ಅಳತೆಯ ಪಾಠ. ನಮ್ಮ ಶಿಲ್ಪಿಗಳು ಅಳೆಯುತ್ತಿದ್ದದ್ದು ತಾಳದಲ್ಲಿ. ಕೂದಲು ಶುರುವಾಗುವಲ್ಲಿಂದ ಗದ್ದದವರೆಗೆ ಒಂದು ಮುಖ, ಅದು ಒಂದು ತಾಳ, ಹನ್ನೆರಡು ಅಂಗುಲ (ಈ ಅಂಗುಲ ಇಂಚಲ್ಲ, ಆ ಮುಖದ ಹನ್ನೆರಡರಲ್ಲಿ ಒಂದು ಪಾಲು). ನವತಾಳ ಅಂದರೆ ಮೈ ಒಂಬತ್ತು ಮುಖದಷ್ಟು ಎತ್ತರ. ಗಣಪತಿಗೆ ಸಾಮಾನ್ಯವಾಗಿ ಪಂಚತಾಳ, ಅದಕ್ಕೇ ಅವನು ಮಗುವಿನ ಹಾಗೆ ಮುದ್ದಾಗಿ ಕಾಣೋದು. ಒಂದು ದಾರ ತೆಗೆದುಕೊಂಡು ಫೋಟೋದಲ್ಲಿರುವ ಶಿಲ್ಪವನ್ನು ಅಳೆಸಿ. ಮನುಷ್ಯರನ್ನು ಅಳೆಯೋಕೆ ಮಾತ್ರ ನೀವೇ ಮುಂದೆ ಬಂದು ನಿಲ್ಲಿ. ಮಕ್ಕಳು ಒಬ್ಬರನ್ನೊಬ್ಬರು ಅಳೆಯೋದು ಬೇಡ. ನಿಮ್ಮ ಎತ್ತರ ಹೆಚ್ಚುಕಡಿಮೆ ಒಂಬತ್ತು ಮುಖ ಬರುತ್ತದೆ. ಹಾಗಾದರೆ ಶಿಲ್ಪಿ ಎತ್ತರದಲ್ಲಿ ಉತ್ಪ್ರೇಕ್ಷೆ ಮಾಡಿಲ್ಲ, ನಡು, ಎದೆ, ಕಣ್ಣಿನಲ್ಲಿ ಮಾಡಿದ್ದಾನೆ ಅಂತ ಅವರೇ ಕಂಡುಹಿಡಿಯುತ್ತಾರೆ. ಒಂದು ಎಚ್ಚರಿಕೆ: ಗ್ರೀಕರ ಲೆಕ್ಕದಲ್ಲಿ ನೆತ್ತಿಯಿಂದ ಗದ್ದದವರೆಗೆ ಪೂರ್ತಿ ತಲೆ ಹಿಡಿಯುತ್ತಾರೆ, ಅಲ್ಲಿ ಏಳು ಎಂಟು ಬರುತ್ತದೆ. ಎರಡು ಲೆಕ್ಕ ಬೆರೆಸಿದರೆ ಎಲ್ಲಾ ತಪ್ಪಾಗುತ್ತದೆ.

ಹೊರಗಿನ ಉದಾಹರಣೆ ಜಾಸ್ತಿ ಬೇಡ. ಆಸ್ಟ್ರಿಯಾದ ವಿಲೆಂಡಾರ್ಫ್ ಅನ್ನೋ ಊರಲ್ಲಿ 1908ರಲ್ಲಿ ಸಿಕ್ಕ ಹೆಣ್ಣಿನ ಕಲ್ಲುಗೊಂಬೆ ಸಾಕು. ಇಪ್ಪತ್ತೈದು ಸಾವಿರ ವರ್ಷಕ್ಕೂ ಹಳೆಯದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣಿನಲ್ಲೇ ಅದನ್ನು ಮಾಡಿಸಿ, ಅದರ ನಿಜವಾದ ಅಳತೆಗೆ, 11 ಸೆಂಟಿಮೀಟರ್. ಫೋಟೋದಲ್ಲಿ ದೊಡ್ಡದಾಗಿ ಕಂಡದ್ದು ಅಂಗೈಯಲ್ಲಿ ಕೂರುತ್ತದೆ. ಮುಖ ಇಲ್ಲ, ಪಾದ ಇಲ್ಲ, ಹೊಟ್ಟೆ ಎದೆ ಎಲ್ಲಾ ತುಂಬಿಕೊಂಡಿವೆ. ನಿಲ್ಲಿಸೋಕೆ ಮಾಡಿದ್ದಲ್ಲ ಅಂತ ಕೈಗೇ ಗೊತ್ತಾಗುತ್ತದೆ. ಗ್ರೀಕ್ ಶಿಲ್ಪ ತಂದವರಿಗೆ ಇಷ್ಟು ಹೇಳಿ: ಅವು ಮೊದಲು ಬಿಳಿ ಇರಲಿಲ್ಲ, ಬಣ್ಣ ಬಳಿದಿದ್ದವು.

ಬಣ್ಣದ ಮಾತು ಬಂದ ಮೇಲೆ ಮೈಬಣ್ಣದ ಮಾತೂ ಬಂದೇ ಬರುತ್ತದೆ. ತಪ್ಪಿಸಿಕೊಳ್ಳಬೇಡಿ. ಅಜಂತಾದ ಚಿತ್ರಗಳಲ್ಲಿ ಕಪ್ಪು ಮೈಯ ಚೆಲುವೆಯರಿದ್ದಾರೆ. ನಮ್ಮ ರಾಮ, ಕೃಷ್ಣ, ದ್ರೌಪದಿ ಎಲ್ಲರೂ ಕಪ್ಪು ಬಣ್ಣದವರೇ. ಇತ್ತ ಫೇರ್ ಅಂಡ್ ಲವ್ಲಿ ಕ್ರೀಮ್ 1975ರಲ್ಲಿ ಮಾರುಕಟ್ಟೆಗೆ ಬಂದು, 2020ರಲ್ಲಿ ‘ಫೇರ್’ ಅನ್ನೋ ಪದವನ್ನೇ ಬಿಟ್ಟಿತು. ಬಣ್ಣ, ದಪ್ಪ, ಸಣ್ಣ ಅಂತ ಮಾತು ಕೇಳಿಸಿಕೊಂಡು ಒಳಗೊಳಗೇ ನೊಂದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಸುಮ್ನೆ ಮಾರ್ಕ್ಸಿಗಾಗಿ ಈ ಪ್ರಾಜೆಕ್ಟ್ ಮಾಡಿಸಬೇಡಿ ಅಂತ ನಾನು ಇಷ್ಟು ಉದ್ದ ಬರೆಯೋದು ಅವರಿಗಾಗಿ.

ಹರಿಹರಕ್ಕೆ ಬೆಳಿಗ್ಗೆಯೇ ಹೋಗಿ. ಹಬ್ಬ, ಜಾತ್ರೆಯ ದಿನ ಬೇಡ. ಅಲಂಕಾರ ಆದ ಮೇಲೆ ಮೂರ್ತಿಯ ಮೈ ಸರಿಯಾಗಿ ಕಾಣುವುದಿಲ್ಲ, ಅರ್ಚಕರನ್ನು ಮೊದಲೇ ವಿಚಾರಿಸಿ. ಫೋನ್ ಚೀಲದಲ್ಲಿಡಿಸಿ ಪೆನ್ಸಿಲ್ ಕೊಡಿ, ಒಬ್ಬೊಬ್ಬರು ಒಂದೊಂದು ಕಂಬವನ್ನೋ ಶಿಲ್ಪವನ್ನೋ ಕೂತು ಬರೆಯಲಿ. ದೃಶ್ಯಕಲಾ ಮಹಾವಿದ್ಯಾಲಯ ದಾವಣಗೆರೆಯಲ್ಲೇ ಇದೆ ಅಲ್ವಾ, ಅಲ್ಲಿನ ವಿದ್ಯಾರ್ಥಿಗಳು ಯಾರಾದರೂ ಜೊತೆಗೆ ಬರುತ್ತಾರಾ ಕೇಳಿ ನೋಡಿ.