ನಾಲ್ವರು ಗಂಡಸರು, ನಾಲ್ಕು ಹೊಳೆಗಳು

ಪ್ರಶ್ನೆ: ಕಳೆದ ಸಂಚಿಕೆಯ ಗೂಢ ಪದಬಂಧವನ್ನು ಮೂರು ದಿನ ಕೂತು ಪೂರ್ತಿ ತುಂಬಿದೆ. ಅದರೊಳಗೆ ಒಂದು ವಿಷಯ ಅಡಗಿದೆ ಎಂದು ಮೇಲ್ಗಡೆ ಬರೆದಿದ್ದಿರಿ. ನೃಪತುಂಗ, ವೀರಭದ್ರ, ಪಂಪ, ಬಾಲಕೃಷ್ಣ ಎಂಬ ಉತ್ತರಗಳಲ್ಲಿ ಅರಸ, ದೇವರು, ಕವಿ ಎಲ್ಲರೂ ಇದ್ದಾರೆ. ಇವರನ್ನು ಪೋಣಿಸುವ ದಾರ ಮಾತ್ರ ಸಿಗಲಿಲ್ಲ. ದಯವಿಟ್ಟು ಬಿಡಿಸಿ ಹೇಳಿ. (ಓದುಗರು, ತೀರ್ಥಹಳ್ಳಿ)

ಉತ್ತರ: ತುಂಗೆಯ ದಡದ ಊರಿನಿಂದಲೇ ಈ ಪತ್ರ ಬಂದಿರುವುದು ನನಗೆ ಬಹಳ ಸಂತೋಷ ಕೊಟ್ಟಿತು. ಸುಳಿವುಗಳನ್ನು ಮೊದಲು ಬಿಡಿಸೋಣ. ಗೂಢ ಪದಬಂಧದ ಪ್ರತಿಯೊಂದು ಸುಳಿವಿನಲ್ಲಿಯೂ ಎರಡು ಭಾಗಗಳಿರುತ್ತವೆ. ಒಂದು ಉತ್ತರದ ನೇರ ಅರ್ಥ, ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿ. ಕೊನೆಯ ಆವರಣದಲ್ಲಿರುವ ಸಂಖ್ಯೆ ಉತ್ತರದ ಅಕ್ಷರಗಳ ಎಣಿಕೆ. ಸುಳಿವನ್ನು ಸಾಮಾನ್ಯ ವಾಕ್ಯದಂತೆ ಓದಿದರೆ ಈ ಎರಡರ ನಡುವಿನ ಬೆಸುಗೆ ಕಾಣುವುದಿಲ್ಲ.

‘ದೊರೆಯ ಪಕ್ಕದಲ್ಲೇ ಎತ್ತರ ನಿಂತ ರಾಷ್ಟ್ರಕೂಟ (4)’ ಎಂಬಲ್ಲಿ ದೊರೆ ಎಂದರೆ ನೃಪ, ಎತ್ತರ ಎಂದರೆ ತುಂಗ. ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ರಾಷ್ಟ್ರಕೂಟರ ನೃಪತುಂಗ ಸಿಗುತ್ತಾನೆ. ‘ಕಲಿಯ ಬಳಿ ಸುರಕ್ಷಿತ, ದಕ್ಷನಿಗೆ ಕಂಟಕ (4)’ ಎಂಬುದು ಸ್ವಲ್ಪ ಕಠಿಣ. ಕಲಿ ಎಂದೊಡನೆ ಕಲಿಯುಗವೋ ಕಲಿಕೆಯೋ ನೆನಪಾಗುತ್ತದೆ, ದಕ್ಷ ಎಂದರೆ ಸಮರ್ಥ ಅಧಿಕಾರಿಯೊಬ್ಬ ಕಣ್ಣ ಮುಂದೆ ಬರುತ್ತಾನೆ. ಇಲ್ಲಿ ಕಲಿ ಎಂದರೆ ವೀರ, ಸುರಕ್ಷಿತ ಎಂದರೆ ಭದ್ರ, ಮತ್ತು ದಕ್ಷನು ಯಜ್ಞ ಮಾಡಿ ಕೆಟ್ಟ ದಕ್ಷಬ್ರಹ್ಮನೇ. ‘ಬಾಲ ಕಪ್ಪಗಿರುವ ಬೆಣ್ಣೆಗಳ್ಳ (4)’ ಎಂಬುದನ್ನು ಓದಿದವರೆಲ್ಲ ಅಡುಗೆಮನೆಯ ಬೆಕ್ಕನ್ನೇ ಹುಡುಕುತ್ತಾರೆ ಎಂದು ನಾನು ಎಣಿಸಿದ್ದೆ. ಬಾಲ ಎಂಬ ಪದದ ಮುಂದೆ ಕಪ್ಪು ಎಂಬರ್ಥದ ಕೃಷ್ಣವನ್ನು ಇಟ್ಟರೆ ಗೋಕುಲದ ಬೆಣ್ಣೆಗಳ್ಳನೇ ಎದುರಿಗೆ ನಿಲ್ಲುತ್ತಾನೆ.

ಇನ್ನು ದಾರದ ಮಾತು. ನೀವು ಪತ್ರದಲ್ಲಿ ಹೆಸರಿಸದ ಎರಡು ಉತ್ತರಗಳಲ್ಲಿಯೇ ಅದರ ತುದಿ ಇತ್ತು. ‘ಮರಳಿದ ದಿನ ಕಂಡ ಹೊಳೆ (2)’ ಎಂಬುದರಲ್ಲಿ ‘ದಿನ’ವನ್ನು ಹಿಂದಕ್ಕೆ ಮರಳಿಸಿದರೆ ‘ನದಿ’ಯಾಗುತ್ತದೆ. ‘ಸೇರಲಿ ಎಂದು ಹಾರೈಸುವ ಕ್ಷೇತ್ರ (3)’ ಎಂಬುದಕ್ಕೆ ಉತ್ತರ ಕೂಡಲಿ. ಈಗ ಪದಬಂಧದ ಚೌಕವನ್ನು ಮತ್ತೊಮ್ಮೆ ಮುಂದಿಟ್ಟುಕೊಂಡು ನೋಡಿ. ಮೇಲಿನ ಸಾಲಿನ ಒಂದು ತುದಿಯಲ್ಲಿ ನೃಪತುಂಗನೊಳಗೆ ತುಂಗಾ, ಇನ್ನೊಂದು ತುದಿಯಲ್ಲಿ ವೀರಭದ್ರನೊಳಗೆ ಭದ್ರಾ ಇದ್ದಾಳೆ. ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿಯುವ ಈ ಎರಡು ಹೊಳೆಗಳು ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗುತ್ತವೆಯಾದ್ದರಿಂದ ಕೂಡಲಿಯನ್ನು ಚೌಕದ ನಟ್ಟನಡುವೆ ಇಟ್ಟಿದ್ದೇನೆ. ಅಲ್ಲಿಂದ ಕೆಳಗಿಳಿದರೆ ಪಂಪ ಸಿಗುತ್ತಾನೆ. ಪಂಪಾ ಎಂಬುದು ತುಂಗಭದ್ರೆಯ ಪ್ರಾಚೀನ ಹೆಸರು, ಹಂಪಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಕೊನೆಯ ಸಾಲಿನ ಬಾಲಕೃಷ್ಣನಲ್ಲಿ ತುಂಗಭದ್ರೆ ಹೋಗಿ ಸೇರುವ ಕೃಷ್ಣಾ ಇದ್ದಾಳೆ. ಭೂಪಟದಲ್ಲಿ ತುಂಗಭದ್ರೆ ಈಶಾನ್ಯದ ಕಡೆಗೆ ಹರಿಯುತ್ತದೆ, ನನ್ನ ಚೌಕದಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಆದ್ದರಿಂದ ಮೇಲಿನ ಸಾಲನ್ನು ಉಗಮವೆಂದು ತಿಳಿಯಬೇಕೇ ಹೊರತು ಉತ್ತರ ದಿಕ್ಕೆಂದು ತಿಳಿಯಬಾರದು.

ಮುಂದೆ ಇಂಥ ಪದಬಂಧ ಸಿಕ್ಕಾಗ, ಉತ್ತರಗಳಲ್ಲಿ ಒಂದೇ ಜಾತಿಯವು ವಾಡಿಕೆಗಿಂತ ಹೆಚ್ಚಾಗಿ ಕಂಡರೆ ಅಲ್ಲಿಯೇ ನಿಂತು ಯೋಚಿಸಿ. ಒಂದೇ ಚೌಕದಲ್ಲಿ ನಾಲ್ಕು ಗಂಡು ಹೆಸರುಗಳು ಬಂದದ್ದು ಆಕಸ್ಮಿಕವಾಗಿರಲಿಲ್ಲ.

ಪ್ರಶ್ನೆ: ನದಿಯ ಹೆಸರುಗಳು ತುಂಗಾ, ಭದ್ರಾ, ಕೃಷ್ಣಾ ಎಂದು ದೀರ್ಘಾಂತವಾಗಿವೆ. ನಿಮ್ಮ ಚೌಕದಲ್ಲಿ ಎಲ್ಲವೂ ಹ್ರಸ್ವ. ಒಂದು ದೀರ್ಘ ತಪ್ಪಿದರೆ ಉತ್ತರವೇ ತಪ್ಪೆಂದು ನಮಗೆ ಹೇಳುವ ನೀವು ಸ್ವತಃ ಈ ಸಡಿಲಿಕೆ ತೆಗೆದುಕೊಳ್ಳಬಹುದೇ? (ಓದುಗರು, ಧಾರವಾಡ)

ಉತ್ತರ: ಈ ಆಕ್ಷೇಪವನ್ನು ನಾನು ಗೌರವದಿಂದ ಸ್ವೀಕರಿಸುತ್ತೇನೆ, ಏಕೆಂದರೆ ಪದಬಂಧ ಕಟ್ಟುವಾಗ ಇದೇ ಪ್ರಶ್ನೆ ನನ್ನನ್ನೂ ಎರಡು ವಾರ ಕಾಡಿತ್ತು. ಸುಳಿವಿನಲ್ಲಿ ಹ್ರಸ್ವದೀರ್ಘಗಳ ಸಡಿಲಿಕೆ ಸಲ್ಲದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಬಿಡಿಸುವವರು ನಂಬಿ ಹಿಡಿದುಕೊಳ್ಳಬೇಕಾದ ಕಂಬವೇ ಸುಳಿವು. ಆದರೆ ಅಡಗಿದ ವಿಷಯವು ಚೌಕದ ಯಾವ ಮನೆಯನ್ನೂ ತುಂಬುವುದಿಲ್ಲ, ಅದನ್ನು ಕಾಣದವರಿಗೂ ಪದಬಂಧ ಪೂರ್ತಿಯಾಗುತ್ತದೆ. ಇಲ್ಲಿ ನಾನು ಪಾಲಿಸಿದ ನಿಯಮವೆಂದರೆ ಬದಲಾವಣೆ ಒಂದೇ ಆಗಿರಬೇಕು, ಮತ್ತು ಅದು ನಾಲ್ಕೂ ಕಡೆ ಒಂದೇ ರೀತಿಯಲ್ಲಿ ಆಗಬೇಕು ಎಂಬುದು. ಸಂಸ್ಕೃತದಿಂದ ಬಂದ ಈ ಹೆಸರುಗಳಲ್ಲಿ ಕೊನೆಯ ದೀರ್ಘವು ಹೆಣ್ಣಿನ ಗುರುತಾಗಿರುವುದರಿಂದ, ಅದನ್ನು ತೆಗೆದಾಗ ನಾಲ್ಕು ನದಿಗಳೂ ಗಂಡುವೇಷ ತೊಡುತ್ತವೆ. ಮೂರು ಹ್ರಸ್ವವಾಗಿ ಒಂದು ದೀರ್ಘವಾಗಿ ಉಳಿದಿದ್ದರೆ ನಾನು ಈ ಚೌಕವನ್ನು ಅಚ್ಚಿಗೆ ಕೊಡುತ್ತಿರಲಿಲ್ಲ. ತುಂಗಭದ್ರಾ ಎಂಬ ಹೆಸರಿನಲ್ಲಿಯೇ ಭದ್ರೆಯ ಮುಂದೆ ತುಂಗೆಯ ದೀರ್ಘ ಬಿದ್ದುಹೋಗಿರುವುದನ್ನೂ ದಯವಿಟ್ಟು ಗಮನಿಸಿ.

ಪ್ರಶ್ನೆ: ಇಂಗ್ಲಿಷ್ ಪದಬಂಧಗಳಲ್ಲಿ ಅಕ್ಷರ ಕದಡಿ ಹೊಸ ಪದ ಮಾಡುವ ಸುಳಿವುಗಳು ಧಾರಾಳವಾಗಿರುತ್ತವೆ. ನಿಮ್ಮಲ್ಲಿ ಅವು ಅಪರೂಪವೇಕೆ? (ಓದುಗರು, ಮೈಸೂರು)

ಉತ್ತರ: ಕನ್ನಡ ಪದಬಂಧದ ಒಂದು ಮನೆಯಲ್ಲಿ ಕಾಗುಣಿತ, ಒತ್ತು, ಸೊನ್ನೆ ಸಹಿತವಾಗಿ ಇಡೀ ಅಕ್ಷರ ಕೂರುತ್ತದೆ. ಇಂಗ್ಲಿಷಿನಲ್ಲಿ ಹತ್ತು ಮನೆ ಹಿಡಿಯುವಷ್ಟು ಉದ್ದದ ಪದ ನಮ್ಮಲ್ಲಿ ನಾಲ್ಕೋ ಐದೋ ಮನೆಗಳಲ್ಲಿ ಮುಗಿಯುತ್ತದೆ, ಕದಡಲು ಹೆಚ್ಚೇನೂ ಉಳಿಯುವುದಿಲ್ಲ. ‘ಮದನ ಕದಡಿದಾಗ ಹತ್ತಿಕ್ಕುವುದು (3)’ ಎಂಬುದಕ್ಕೆ ‘ದಮನ’ ಎಂಬಂಥ ಜೋಡಿಗಳು ಹುಡುಕಿದರೆ ಸಿಗುತ್ತವೆ, ಆದರೆ ಧಾರಾಳವಾಗಿ ಅಲ್ಲ. ಅಡ್ಡ ಮತ್ತು ಉದ್ದ ಪದಗಳು ಕೂಡುವ ಮನೆಯಲ್ಲಂತೂ ಇದೇ ಗುಣ ಕಟ್ಟುವವನನ್ನು ಹಣ್ಣು ಮಾಡುತ್ತದೆ. ವೀರಭದ್ರನ ‘ದ್ರ’ದಿಂದ ಕೆಳಗಿಳಿಯಲು ‘ದ್ರವ’ ಸಿಕ್ಕಿತು, ಬಾಲಕೃಷ್ಣನ ‘ಷ್ಣ’ಕ್ಕೆ ಮೇಲಿನಿಂದ ಇಳಿದು ಬರಲು ‘ಉಷ್ಣ’ ಸಿಗದೇ ಹೋಗಿದ್ದರೆ ಇಡೀ ಕೊನೆಯ ಸಾಲನ್ನೇ ಕೈಬಿಡಬೇಕಾಗುತ್ತಿತ್ತು.

ಇದಕ್ಕೆ ಬದಲಾಗಿ ಕನ್ನಡಕ್ಕೆ ಸಂಧಿಯ ಸಂಪತ್ತಿದೆ. ‘ಚರ್ಚೆಯ ಕಾವೇರಿದಾಗ ಒಳಗೆ ಹರಿದವಳು (3)’ ಎಂಬ ಸುಳಿವನ್ನು ನೋಡಿ. ಕಾವು ಏರಿದಾಗ ಲೋಪಸಂಧಿಯಿಂದ ಕಾವೇರಿ ತಾನಾಗಿಯೇ ಹುಟ್ಟುತ್ತಾಳೆ. ಹಾಗೆಯೇ ‘ಮಂಗನ ಹಿಂದೆ ಕಾನೂನು, ಕಾವೇರಿಯನ್ನು ಸೇರುವವಳು (3)’ ಎಂಬುದರಲ್ಲಿ ಕಪಿಯ ಹಿಂದೆ ನಾವು ದಿನವೂ ಆಡುವ ಇಂಗ್ಲಿಷಿನ ‘ಲಾ’ ಬಂದು ಕಪಿಲಾ ಆಗುತ್ತಾಳೆ. ಇವೆರಡೂ ಮುಂದಿನ ಚೌಕಕ್ಕೆಂದು ಬರೆದುಕೊಂಡಿದ್ದ ಸುಳಿವುಗಳು. ನಿಮ್ಮ ಪ್ರಶ್ನೆಗೆ ಇವುಗಳಿಗಿಂತ ಸ್ಪಷ್ಟವಾದ ಉತ್ತರ ತೋಚದ ಕಾರಣ ಇಲ್ಲಿಯೇ ಕೊಟ್ಟುಬಿಟ್ಟಿದ್ದೇನೆ.

ಪ್ರಶ್ನೆ: ಕಾಣದವರಿಗೆ ಕಾಣದೇ ಉಳಿಯುವ ವಿಷಯವನ್ನು ಅಷ್ಟು ಶ್ರಮಪಟ್ಟು ಅಡಗಿಸುವುದು ಕಟ್ಟುವವರ ಜಾಣತನದ ಪ್ರದರ್ಶನವಲ್ಲವೇ? (ಓದುಗರು, ಬೆಂಗಳೂರು)

ಉತ್ತರ: ಹಾಗಾಗುವ ಅಪಾಯ ಖಂಡಿತ ಇದೆ. ವಿಷಯ ಗೊತ್ತಾಗದೆ ಒಂದೇ ಒಂದು ಸುಳಿವೂ ಬಿಡಿಸಲಾಗದಂತೆ ಕಟ್ಟಿದ ಪದಬಂಧಗಳನ್ನು ನಾನೂ ಬೇಸರದಿಂದ ಬದಿಗಿಟ್ಟಿದ್ದೇನೆ. ಆದರೆ ಅಡಗಿಸುವಿಕೆಗೆ ಬೇರೆ ಉಪಯೋಗವೂ ಇದೆ ಎಂಬುದನ್ನು ಒಂದು ಇಂಗ್ಲಿಷ್ ಪದಬಂಧದಿಂದ ಕಲಿತೆ.

ಬ್ರಿಟನ್ನಿನ ಜಾನ್ ಗ್ರಹಾಂ ಚರ್ಚಿನ ಪಾದ್ರಿಯಾಗಿದ್ದವರು. ಅರಾಕೇರಿಯಾ ಎಂಬ ಗುಪ್ತನಾಮದಲ್ಲಿ ಗಾರ್ಡಿಯನ್ ಪತ್ರಿಕೆಗೆ ಅರ್ಧ ಶತಮಾನಕ್ಕೂ ಮೀರಿ ಗೂಢ ಪದಬಂಧಗಳನ್ನು ಕಟ್ಟಿಕೊಟ್ಟರು. ಅರಾಕೇರಿಯಾ ಎಂಬುದು ಒಂದು ಮರದ ಕುಲದ ಹೆಸರು, ಅದರಲ್ಲಿನ ಒಂದು ಮರವನ್ನು ಇಂಗ್ಲಿಷಿನಲ್ಲಿ ಹತ್ತುವುದು ಮಂಗನಿಗೂ ಒಗಟಾಗುವ ಮರ ಎಂಬರ್ಥದಲ್ಲಿ ಮಂಕಿ ಪಜಲ್ ಎನ್ನುತ್ತಾರೆ. 2013ರ ಜನವರಿಯಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ, ಅವರು ಒಂದು ಪದಬಂಧದ ಮೇಲೆ ಚಿಕ್ಕ ಟಿಪ್ಪಣಿ ಬರೆದರು. ಅರಾಕೇರಿಯಾಗೆ 19ರಲ್ಲಿ 18 ಇದೆ, ಅದಕ್ಕೆ 13 ಮತ್ತು 15ರ ಮೂಲಕ ಆರೈಕೆ ನಡೆಯುತ್ತಿದೆ ಎಂಬುದು ಅದರ ಸಾರ. ಬಿಡಿಸಿದವರಿಗೆ 18ನೇ ಸುಳಿವಿನಲ್ಲಿ ಕ್ಯಾನ್ಸರ್, 19ರಲ್ಲಿ ಅನ್ನನಾಳ, 13 ಮತ್ತು 15ರಲ್ಲಿ ಉಪಶಾಮಕ ಚಿಕಿತ್ಸೆ (ನೋವು ತಗ್ಗಿಸುವ ಆರೈಕೆ) ಎಂಬ ಉತ್ತರಗಳು ಸಿಕ್ಕವು. ದಶಕಗಳಿಂದ ತಮ್ಮ ಸುಳಿವುಗಳ ಜೊತೆ ಬೆಳಗಿನ ಚಹಾ ಕುಡಿದ ಅಪರಿಚಿತರಿಗೆ ಅವರು ತಮ್ಮ ಕಾಯಿಲೆಯ ಸುದ್ದಿಯನ್ನು ತಿಳಿಸಿದ್ದು ಹೀಗೆ. ಅದೇ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಸುದ್ದಿ ಓದಿದವರಿಗಿಂತ, ಒಂದೊಂದೇ ಮನೆ ತುಂಬುತ್ತ ಅದನ್ನು ತಾವೇ ಬರೆದುಕೊಂಡವರಿಗೆ ಅದು ಎಷ್ಟು ಹತ್ತಿರದ್ದಾಗಿರಬೇಕು ಎಂದು ನಾನು ಈಗಲೂ ಯೋಚಿಸುತ್ತೇನೆ. ಪ್ರದರ್ಶನ ಎಂಬ ಮಾತು ಅಲ್ಲಿ ಹೊಂದುವುದಿಲ್ಲ.

ಪ್ರಶ್ನೆ: ‘ಸೇರಲಿ ಎಂದು ಹಾರೈಸುವ ಕ್ಷೇತ್ರ’ಕ್ಕೆ ನಾನು ‘ಕೂಡಲ’ ಎಂದು ಬರೆದೆ. ಕೂಡಲಸಂಗಮವೂ ಕ್ಷೇತ್ರವೇ, ಅಲ್ಲಿಯೂ ಹೊಳೆಗಳು ಕೂಡುತ್ತವೆ. ಉತ್ತರ ತಪ್ಪೇ? (ಓದುಗರು, ಬಾಗಲಕೋಟೆ)

ಉತ್ತರ: ಕೃಷ್ಣೆಗೆ ಮಲಪ್ರಭೆ ಸೇರುವ ಕ್ಷೇತ್ರವನ್ನು ನೀವು ನೆನೆದದ್ದು ಸಹಜ. ಆದರೆ ಸುಳಿವಿನಲ್ಲಿರುವುದು ‘ಸೇರಲಿ’ ಎಂಬ ಹಾರೈಕೆಯ ರೂಪ, ಅದಕ್ಕೆ ಸಮನಾದದ್ದು ‘ಕೂಡಲಿ’ ಮಾತ್ರ. ಆಡುಮಾತಿನಂತೆ ‘ಕೂಡ್ಲಿ’ ಎಂದು ಬರೆದು ಒಂದು ಮನೆ ಖಾಲಿ ಬಿಟ್ಟ ಶಿವಮೊಗ್ಗದ ಕಡೆಯ ಓದುಗರಿಗೂ ಇದೇ ಉತ್ತರ ಅನ್ವಯಿಸುತ್ತದೆ.