8 ಎಲಿಮೆಂಟ್ ಇದ್ರೆ ವೆಕ್ಟರ್ ಆಪರೇಷನ್ ಯಾಕೆ ನಿಧಾನ?

8 ಎಲಿಮೆಂಟಿನ ಅರೇಗೆ (ನಂಬರುಗಳ ಸಾಲಿಗೆ) ವೆಕ್ಟರ್ ಆಪರೇಷನ್, ಅಂದ್ರೆ ಇಡೀ ಸಾಲಿಗೆ ಒಂದೇ ಆದೇಶ, ಹಾಕಿದ್ರೆ ಒಂದೊಂದಾಗಿ ಮಾಡೋ ಮಾಮೂಲಿ ಲೂಪಿಗಿಂತ ನಿಧಾನ ಆಗ್ತಿದೆ, ವೆಕ್ಟರ್ ಅಂದ್ರೆ ಫಾಸ್ಟ್ ಅಲ್ವಾ ಅಂತ ಕೇಳಿದೀರ. ಫಾಸ್ಟೇ, ಆದ್ರೆ ಶುರು ಆದ್ಮೇಲೆ.

ಮಂಡ್ಯ ಕಡೆಯೋರಾದ್ರೆ ಆಲೆಮನೆ ನೋಡಿರ್ತೀರ. ಪಾಂಡವಪುರದ ಹತ್ರ ನಮ್ಮ ಚಿಕ್ಕಪ್ಪಂದು ಒಂದಿತ್ತು, ಬೆಳಗಿನ ಜಾವ ಗಾಣ ಶುರು ಮಾಡಿ, ರಸ ಬಿದ್ದು, ಮೊದಲನೇ ಕೊಪ್ಪರಿಗೆ ಕಾದು, ಮಡ್ಡಿ ತೆಗೆದು, ಮುಂದಿನದಕ್ಕೆ ಹೋಗಿ ಪಾಕ ಹದಕ್ಕೆ ಬರೋ ಹೊತ್ತಿಗೆ ಬಿಸಿಲು ಏರಿರೋದು, ಆಮೇಲೆ ಮಾತ್ರ ಒಂದರ ಹಿಂದೆ ಒಂದು ಇಳೀತಾನೇ ಇರೋದು. ಒಂದೇ ಹೊರೆ ಕಬ್ಬು ತಂದು ಆಡಿಸ್ಕೊಡಿ ಅಂದೋರಿಗೆ ನಾಳೆ ಗಾಡಿ ಬಂದಾಗ ತಗೊಂಬಾ ಅಂತ ಕಳಿಸ್ಬಿಡೋರು.

ವೆಕ್ಟರ್ ಮೆಷೀನೂ ಹಾಗೇ. 1976ರ ಕ್ರೇ-1 ಅನ್ನೋ ಸೂಪರ್ ಕಂಪ್ಯೂಟರ್ ತಗೊಳ್ಳಿ. ಅದರ ಗುಣಾಕಾರದ ಪೈಪ್‌ಲೈನಿಗೆ (ಕೊಪ್ಪರಿಗೆ ಸಾಲಿನ ಹಾಗೆ ಹಂತಹಂತವಾಗಿ ಲೆಕ್ಕ ಸಾಗೋ ದಾರಿ) 7 ಕ್ಲಾಕ್ (ಮೆಷೀನಿನ ಬಡಿತ), ಅಂದ್ರೆ ಮೊದಲನೇ ಉತ್ತರಕ್ಕೆ 7 ಕ್ಲಾಕ್ ಕಾಯ್ಬೇಕು, ಆಮೇಲೆ ಕ್ಲಾಕಿಗೊಂದು ಬರ್ತಾ ಹೋಗುತ್ತೆ (ಒಂದು ಕ್ಲಾಕ್ 12.5 ನ್ಯಾನೋಸೆಕೆಂಡ್). ಅಂದಾಜಲ್ಲಿ 4 ಎಲಿಮೆಂಟಿಗೆ 10 ಕ್ಲಾಕ್, ಒಂದಕ್ಕೆ 2.5 ಬಿತ್ತು. 64ಕ್ಕೆ 70, ಒಂದಕ್ಕೆ 1.1 ಅಷ್ಟೆ. ಮೆಮೊರಿಯಿಂದ ತರೋ ಖರ್ಚು ಇನ್ನೂ ಸೇರ್ಸಿಲ್ಲ. ಇನ್ನೊಂದು ಮಜಾ, ಅದರ ವೆಕ್ಟರ್ ರಿಜಿಸ್ಟರಲ್ಲಿ (ಪ್ರೊಸೆಸರ್ ಒಳಗೇ ನಂಬರ್ ಇಟ್ಕೊಳ್ಳೋ ಪುಟ್ಟ ಜಾಗ) ಹಿಡಿಯೋದು 64 ಎಲಿಮೆಂಟ್, ನಿಮ್ಮತ್ರ 65 ಇದ್ರೆ ಆ ಉಳಿದ ಒಂದಕ್ಕೋಸ್ಕರ ಮತ್ತೆ ಒಲೆ ಹಚ್ಬೇಕು!

ರೋಜರ್ ಹಾಕ್ನಿ ಅನ್ನೋ ಕಂಪ್ಯೂಟರ್ ವಿಜ್ಞಾನಿ ಇದನ್ನ ಅಳೆಯಕ್ಕೆ ಎನ್-ಹಾಫ್ ಅಂತ ಒಂದು ಅಳತೆ ತಂದ್ರು, ಮೆಷೀನು ತನ್ನ ಪೂರ್ತಿ ಸ್ಪೀಡಿನ ಅರ್ಧ ಮುಟ್ಟಕ್ಕೆ ವೆಕ್ಟರ್ ಎಷ್ಟು ಉದ್ದ ಬೇಕು ಅಂತ. ಕ್ಲಾಕಿಗೊಂದು ಉತ್ತರ ಬರೋ ಮೆಷೀನಲ್ಲಿ ಸ್ಟಾರ್ಟಪ್ಪು (ಮೊದಲನೇ ಉತ್ತರಕ್ಕೆ ಕಾಯೋ ಹೊತ್ತು) 20 ಕ್ಲಾಕ್ ಆದ್ರೆ ಎನ್-ಹಾಫೂ ಹತ್ರಹತ್ರ 20ನೇ. ಕ್ರೇಗಿಂತ ಮುಂಚೆ ಬಂದ ಸಿಡಿಸಿ ಸ್ಟಾರ್-100 ಅನ್ನೋ ಸೂಪರ್ ಕಂಪ್ಯೂಟರ್ ವೆಕ್ಟರ್ ರಿಜಿಸ್ಟರ್ ಇಲ್ದೆ ನೇರ ಮೆಮೊರಿಯಿಂದಲೇ ವೆಕ್ಟರ್ ಎಳ್ಕೊಳ್ತಿತ್ತು, ಸ್ಟಾರ್ಟಪ್ಪು ಸಿಕ್ಕಾಪಟ್ಟೆ ಉದ್ದ, ಪೇಪರ್ ಮೇಲೆ ಹುಲಿ, ಸಣ್ಣ ವೆಕ್ಟರ್ ಕೊಟ್ರೆ ಎಮ್ಮೆ.

ನಾನೂ ಮೈಸೂರಲ್ಲಿ ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ಗುಂಡಿಗೆ ಬಿದ್ದಿದ್ದೆ. 3 ಲಕ್ಷ ಸಾಲು, ಸಾಲಿಗೆ 8 ಕಾಲಂ, ಒಂದೊಂದು ಸಾಲಿಗೂ ನಂಪೈ (ಪೈಥಾನಲ್ಲಿ ಅರೇ ಲೆಕ್ಕ ಮಾಡೋ ಲೈಬ್ರರಿ) ಕರೀತಿದ್ದೆ, ಕಾಫಿ ಕುಡಿದು ಬಂದ್ರೂ ಮುಗೀತಿರ್ಲಿಲ್ಲ. ಅಲ್ಲಿ ಪೈಪ್‌ಲೈನಿಗಿಂತ ಫಂಕ್ಷನ್ ಕರೆಯೋದು, ಟೈಪ್ ಚೆಕ್ ಮಾಡೋದು, ಹೊಸ ಅರೇಗೆ ಜಾಗ ಮಾಡೋದು ಇವೇ ದೊಡ್ಡ ಖರ್ಚು, ಆದ್ರೆ ಲೆಕ್ಕ ಅದೇ, ಸ್ಟಾರ್ಟಪ್ಪನ್ನ 3 ಲಕ್ಷ ಸಲ ಕಟ್ತಿದ್ದೆ. ಲೂಪ್ ತಿರುಗಿಸಿ ಕಾಲಮ್ಮಿಗೊಂದರಂತೆ 8 ಸಲ ಕರೆದೆ, ಪ್ರತಿ ಸಲ 3 ಲಕ್ಷ ಉದ್ದದ ಅರೇ, ಎಂಟರ್ ಒತ್ತಿ ಕೈ ತೆಗೆಯೋಷ್ಟ್ರಲ್ಲಿ ಮುಗೀತು.

ನಿಮ್ಮ ಕೋಡಲ್ಲೂ ಆ 8ನ್ನ ಹೊರಗಿನ ಲೂಪಿಗೆ ತಂದು ಉದ್ದದ್ದನ್ನ ಒಳಗೆ ಹಾಕಕ್ಕಾಗುತ್ತಾ ನೋಡಿ. ಒಟ್ಟು ಇರೋದೇ 8 ನಂಬರ್ ಅಂದ್ರೆ ಮಾಮೂಲಿ ಲೂಪಲ್ಲೇ ಬಿಟ್ಬಿಡಿ.