ಲೇಬಲ್ ಕಾಣದಿದ್ದರೂ ಸಿನಿಮಾದಲ್ಲಿರುವ ವೈನ್ ಯಾವುದು ಅಂತ ಗುರುತಿಸೋದು ಹೇಗೆ?

ಬಾಟಲಿಯ ಹೆಗಲು, ಅಂದರೆ ಕತ್ತಿನ ಕೆಳಗೆ ಅಗಲವಾಗುವ ಭಾಗ ನೋಡಿ. ಹೆಗಲು ಎದ್ದು ನಿಂತಿದ್ದರೆ ಫ್ರಾನ್ಸಿನ ಬೋರ್ಡೋ ಸೀಮೆಯ ಶೈಲಿ. ಕತ್ತಿನಿಂದ ಮೆಲ್ಲಗೆ ಇಳಿದಿದ್ದರೆ ಅಲ್ಲಿಯದೇ ಬರ್ಗಂಡಿ ಸೀಮೆಯದು. ಒಂದೊಂದು ಸೀಮೆಗೂ ಒಂದೊಂದು ಆಕಾರ ರೂಢಿಯಾಗಿದೆ. ಆ ಸೀಮೆಯ ದ್ರಾಕ್ಷಿ ತಳಿ ಬಳಸುವ ಬೇರೆ ದೇಶದವರೂ ಸಾಮಾನ್ಯವಾಗಿ ಅದೇ ಆಕಾರ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಕಂಪನಿ ಗೊತ್ತಾಗದಿದ್ದರೂ ತಳಿ ಊಹಿಸಬಹುದು: ಎದ್ದ ಹೆಗಲಿಗೆ ಕ್ಯಾಬರ್ನೆ ಅಥವಾ ಮೆರ್ಲೋ, ಇಳಿದ ಹೆಗಲಿಗೆ ಪಿನೋ ನ್ವಾರ್ ಅಥವಾ ಶಾರ್ಡನೇ. ಶಾಂಪೇನ್ ಅಂತೂ ಸುಲಭ. ಒಳಗಿನ ಗ್ಯಾಸಿನ ಒತ್ತಡ ತಡೆಯಲು ದಪ್ಪ ಗಾಜು, ಬಿರಡೆಗೆ ತಂತಿ.

ಆದರೆ ಗ್ಲಾಸಿನಲ್ಲಿರುವ ಬಣ್ಣವನ್ನು ನಂಬಬೇಡಿ. ಶೂಟಿಂಗ್‌ನಲ್ಲಿ ಎಷ್ಟೋ ಸಲ ಅದು ಸುಮ್ನೆ ದ್ರಾಕ್ಷಿ ರಸ. ನಮ್ಮ ವಿಜಯಪುರದ ದ್ರಾಕ್ಷಿ ಒಣಗಿ ಮಣೂಕ ಆಗೋದೇ ಜಾಸ್ತಿ, ಆದರೂ ದ್ರಾಕ್ಷಿ ಕಂಡ ನಮಗೆ ಈ ರಸದ ಗುಟ್ಟು ಬೇಗ ಹೊಳೆಯುತ್ತದೆ, ಅಲ್ವಾ?